ಏಳು ಗುಳಿಯ ಮಗ್ಗಿ

ಚೆನ್ನೆಮಣೆಯ ಕೊನೆಯ ಗುಳಿಯಲ್ಲಿ ಒಣಗಿದ ಸುಣ್ಣ ಅಂಟಿಕೊಂಡಿತ್ತು. ಬೆಳ್ಳಾರೆಯಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಅಜ್ಜಿ, ಆಟವಿಲ್ಲದ ದಿನಗಳಲ್ಲಿ ಆ ಮಣೆಯನ್ನು ಎಲೆ ಅಡಿಕೆಯ ತಟ್ಟೆಯಾಗಿ ಬಳಸುತ್ತಿದ್ದರು. ಸುಣ್ಣವನ್ನು ಪಿನ್ನಿನಿಂದ ಕೆರೆದು, ಮಣೆಯನ್ನೂ ಕೆಂಪು ಮಂಜೊಟ್ಟಿ ಕಾಳುಗಳನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಗುತ್ತಿಗಾರಿನಾಚೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನಾಗ ಅತಿಥಿ ಶಿಕ್ಷಕಿ. ನಾಲ್ಕನೇ ತರಗತಿಯ ಮಕ್ಕಳು ಏಳರ ಮಗ್ಗಿಯನ್ನು ರಾಗವಾಗಿ ಹೇಳುತ್ತಿದ್ದರು. ನಡುವೆ ನಿಲ್ಲಿಸಿ ಏನಾದರೂ ಕೇಳಿದರೆ ಮೊದಲಿನಿಂದ ಹಾಡಿಕೊಂಡು ಬರಬೇಕಿತ್ತು. ಆ ರಾಗ ಕಟ್ಟಿದವರು ನಮ್ಮ ಹೆಡ್ ಮಾಸ್ಟರು. ಹಾಗಾಗಿ ಮಣೆಯಲ್ಲಿ ಮಗ್ಗಿ ಕಲಿಸುವ ನನ್ನ ಯೋಜನೆ ಅವರಿಗೆ ಅಷ್ಟೇನೂ ಹಿಡಿಸಲಿಲ್ಲ.

"ಶುಕ್ರವಾರ ಬಂದು ಕೇಳ್ತೇನೆ. ಮಕ್ಕಳಿಗೆ ಬಂದ್ರೆ ಮಣೆ ಇರಲಿ. ಬರದಿದ್ರೆ ಪುನಃ ಬಾಯಿಪಾಠ. ಆಯ್ತಾ ಟೀಚರ್?"

ಆಯಿತು ಎಂದೆ.

ಮಣೆಯ ಒಂದು ಸಾಲಿಗೆ ಏಳು ಗುಳಿ. ಒಂದೊಂದು ಕಾಳು ಹಾಕಿದರೆ ಏಳು, ಇನ್ನೊಂದು ಸುತ್ತು ಹಾಕಿದರೆ ಹದಿನಾಲ್ಕು. ಇಷ್ಟು ಸರಳವಾದದ್ದು ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ಒಳಗೊಳಗೇ ಬೀಗಿದ್ದೆ. ಗುರುವಾರದ ಹೊತ್ತಿಗೆ ಇಪ್ಪತ್ತೊಂದನ್ನು ಸಲೀಸಾಗಿ ಮುಟ್ಟಿದ್ದೆವು.

ಶುಕ್ರವಾರ ಹೆಡ್ ಮಾಸ್ಟರು ಬಾಗಿಲಲ್ಲಿ ನಿಂತರು. ಮಣೆಯ ಮುಂದೆ ಕೂತಿದ್ದವಳು ತರಗತಿಯ ಅತಿ ಚುರುಕಿನ ಹುಡುಗಿ. ಚೆನ್ನೆಯಲ್ಲಿ ಮನೆಯ ಯಾರನ್ನೂ ಗೆಲ್ಲಲು ಬಿಡದವಳೆಂದು ಹೆಸರು. ನಾಲ್ಕನೇ ಸುತ್ತು ಶುರುವಾಯಿತು. ಮೊದಲ ಗುಳಿಗೆ ನಾಲ್ಕನೇ ಕಾಳು ಬಿದ್ದದ್ದೇ ತಡ, ನಾಲ್ಕನ್ನೂ ಬಾಚಿ ಮಡಿಲಿಗೆ ಹಾಕಿಕೊಂಡಳು. ಎರಡನೆಯದನ್ನೂ ಹಾಗೆಯೇ. ನಾನು ಬಾಯಿ ತೆರೆಯುವಷ್ಟರಲ್ಲಿ ಇಡೀ ಸಾಲು ಖಾಲಿ.

"ಏಳು ನಾಲ್ಕಲಿ ಎಷ್ಟು?" ಹೆಡ್ ಮಾಸ್ಟರು ಕೇಳಿದರು.

ಹಿಂದಿನಿಂದ ಎಲ್ಲರೂ ಇಣುಕಿ ಮಣೆ ನೋಡಿ ಕೂಗಿದರು: "ಸೊನ್ನೆ!"

"ಯಾಕೆ ತೆಗೆದದ್ದು?" ಎಂದು ಹುಡುಗಿಯನ್ನು ಕೇಳಿದೆ.

"ನಾಲ್ಕಾದ್ರೆ ತೆಗಿಲಿಕ್ಕಲ್ವಾ ಟೀಚರ್? ನಿಮಗೆ ಆಡ್ಲಿಕ್ಕೆ ಬರುದಿಲ್ವಾ?"

ಬರುತ್ತದೆ. ಗುಳಿಯಲ್ಲಿ ನಾಲ್ಕು ಕಾಳು ಸೇರಿದರೆ ಅದು ಆಡುವವರ ಪಾಲು ಎಂಬುದು ನಮ್ಮೂರ ಕಡೆ ಅಕ್ಷರಕ್ಕಿಂತ ಮೊದಲು ಕಲಿಯುವ ವಿಷಯ. ಪಾಠದ ಯೋಜನೆ ಬರೆಯುವಾಗ ಮಾತ್ರ ಅದು ನನಗೆ ನೆನಪಾಗಿರಲಿಲ್ಲ.

ಹೆಡ್ ಮಾಸ್ಟರ ಮೀಸೆ ಅಲುಗಿತು. "ಹಾಗಾದ್ರೆ ನಿನ್ನ ಮಡಿಲಲ್ಲಿ ಎಷ್ಟುಂಟು ಮಾರಾಯ್ತಿ?"

"ಇಪ್ಪತ್ತೆಂಟು." ಅವಳು ಮಡಿಲು ನೋಡಲೂ ಇಲ್ಲ, ಹಾಡಲೂ ಇಲ್ಲ.

"ಏಳು ಐದ್ಲಿ?"

"ಐದು ಹೇಗೆ ಆಗುದು ಸರ್? ನಾಲ್ಕಾದಾಗ್ಲೇ ನಾನು ತೆಗೀತೇನಲ್ಲ!"

ಅವರು ಬಾಗಿಲ ಚೌಕಟ್ಟು ಹಿಡಿದು ನಕ್ಕರು. "ಮಣೆ ಇರಲಿ ಟೀಚರ್. ಆದ್ರೆ ಈ ಕಳ್ಳಿಗೆ ಐದು ಹೇಗೆ ತೋರಿಸ್ತೀರಿ, ನೋಡುವ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಕಾಳು ಸಾಲದೆಂದು ಅಜ್ಜಿಯ ಅಡುಗೆಮನೆಯಿಂದ ಹುಣಸೆ ಬೀಜವನ್ನೂ ಒಯ್ದಿದ್ದೆ. ಬೆಲ್ಲಿಗೆ ಮೊದಲೇ ಹುಡುಗಿಯನ್ನು ಎದುರು ಕೂರಿಸಿ ಹೊಸ ಕಾನೂನು ಹೇಳಿದೆ: ಹತ್ತಾದರೆ ಮಾತ್ರ ತೆಗೆಯಬಹುದು, ಸುತ್ತು ಮುಗಿದಾಗ ಸಾಲಿನಲ್ಲಿ ಒಟ್ಟು ಎಷ್ಟೆಂದು ಹೇಳಬೇಕು, ತಪ್ಪಿದವರು ಸೋತಂತೆ.

"ಇದು ಯಾರ ಕಾನೂನು?"

"ನನ್ನದು."

"ಬದಲಿಸ್ಲಿಕ್ಕಿಲ್ಲ ಆಯ್ತಾ ಮತ್ತೆ," ಎಂದು ಎಚ್ಚರಿಸಿದಳು. ಮೊದಲ ನಾಲ್ಕು ಸುತ್ತು ಸರದಿಯಂತೆ ಮುಗಿದವು. ಅವಳು ಐದನೇ ಸುತ್ತು ಹಾಕಿದಳು, ಬೆರಳು ಮಡಚಿದಳು, ಮೂವತ್ತೈದು ಎಂದಳು. ಆರನೇ ಸುತ್ತು ನನ್ನದು. ಕೊನೆಯ ಬೀಜ ಹಾಕಿ, ಅವಳು ಹಿಡಿಯುತ್ತಾಳೋ ನೋಡೋಣವೆಂದು ಮುಖದಲ್ಲಿ ಏನನ್ನೂ ತೋರಿಸದೆ, "ನಲವತ್ತಮೂರು" ಎಂದೆ.