ಆರ್ಡರ್ ಫಾರಮಿನ ಎರಡು ರೂಪ

ಟೈಪಿಸ್ಟ್ ಆಗಿ ಹದಿನಾರು ವರ್ಷ ಕಳೆದ ಮೇಲೆ, ೧೯೮೮ರಲ್ಲಿ, ಪಳನಿಯಮ್ಮಾಳ್ ಮತ್ತೆ ಹೊಸದಾಗಿ ಕಲಿಯಲು ಕುಳಿತಳು. ತಿರುಪ್ಪೂರಿನಲ್ಲಿ ಅವಳು ಕೆಲಸಕ್ಕಿದ್ದ ಬನಿಯನ್ ಕಂಪನಿಗೆ ಕಂಪ್ಯೂಟರ್ ಬಂದಿತ್ತು. "ಇನ್ನು ಟೈಪಿಸ್ಟ್ ಯಾಕೆ?" ಎಂದು ಯಾರೋ ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು.

ಯಂತ್ರ ಜೋಡಿಸಿದವನು ಕೊಯಮತ್ತೂರಿನ ತಿರುಮಲೈಸಾಮಿ. ಆರ್ಡರುಗಳನ್ನು ತುಂಬಲು ಪರದೆಯ ಮೇಲೊಂದು ಫಾರಂ ಮಾಡಿಕೊಟ್ಟ. ಅದನ್ನು ತಿದ್ದಲು ಎರಡು ದಾರಿಗಳಿದ್ದವು. ಒಂದು ಚಿತ್ರ: ಬಾಣದ ಕೀಲಿ ಒತ್ತಿ ಖಾನೆಗಳನ್ನು ಬೇಕಾದ ಕಡೆ ಸರಿಸುವುದು. ಇನ್ನೊಂದು ಬರಹ: ಅದೇ ಫಾರಂ ಇಂಗ್ಲಿಷ್ ಆಜ್ಞೆಗಳ ಸಾಲುಗಳಾಗಿ ಕಾಣುವುದು. ಅಷ್ಟು ತೋರಿಸಿ ಅವನು ಬಸ್ ಹತ್ತಿದ.

ಸರಕು ಕಳಿಸುವ ತಾರೀಖು ಆರ್ಡರಿನ ತಾರೀಖಿಗಿಂತ ಮುಂಚಿನದಾದರೆ ಯಂತ್ರ ಒಪ್ಪಬಾರದು ಎಂಬುದು ಪಳನಿಯಮ್ಮಾಳ ಆಸೆ. ಚಿತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ. ಎರಡು ವಾರ ಊಟದ ಬಿಡುವಿನಲ್ಲಿ ದಪ್ಪ ಪುಸ್ತಕ ಬಿಡಿಸಿ ಕೂತು, ಬರಹವನ್ನು ಬೇರೆ ಆಜ್ಞೆಯಿಂದ ತೆರೆದು ಅದಕ್ಕೆ ತಾನೇ ಮೂರು ಸಾಲು ಸೇರಿಸಿದಳು. ತಪ್ಪು ತಾರೀಖು ಹಾಕಿದೊಡನೆ ಯಂತ್ರ 'ಬೀಪ್' ಎಂದಿತು. ಅವಳಿಗೆ ನಗು ತಡೆಯಲಾಗಲಿಲ್ಲ.

ಸಂಜೆ ಮ್ಯಾನೇಜರ್ ವೆಂಕಟಾಚಲಂ ಕಂಪನಿಯ ಹೆಸರನ್ನು ಸ್ವಲ್ಪ ಮೇಲಕ್ಕೆ ಸರಿಸಲು ಹೇಳಿದರು. ಫಾರಂ ತೆರೆದಳು, ಚಿತ್ರ ಬಂತು, ಸರಿಸಿ ಉಳಿಸಿದಳು. ಮರುದಿನ ತಪ್ಪು ತಾರೀಖು ಸದ್ದಿಲ್ಲದೆ ಒಳಗೆ ಹೋಯಿತು. ಮೂರು ಸಾಲೂ ಮಾಯ.

ವೆಂಕಟಾಚಲಂ ಅವರದ್ದೂ ಅವಳಂತೆ ಕನ್ನಡದ ಮನೆ. ಇಬ್ಬರೇ ಇದ್ದಾಗ ಮಾತು ತಮಿಳು ಬೆರೆತ ಕನ್ನಡಕ್ಕೆ ತಿರುಗುತ್ತಿತ್ತು; ಚಿತ್ರ ಅವರ ಬಾಯಲ್ಲಿ 'ಪಡ'.

"ಏನಮ್ಮಣಿ, ನೆನ್ನೆ ತಾನೆ ಆಯ್ತು ಅಂದೆ?"

"ನಾನೇ ಎಲ್ಲೋ ಅಳಿಸಿರ್ಬೇಕು ಸಾರ್. ಸಾಯಂಕಾಲದಗಂಟ ಟೈಮ್ ಕೊಡಿ."

ಡಿಸ್ಕಿನಲ್ಲಿದ್ದ ಫೈಲುಗಳ ಪಟ್ಟಿ ತೆಗೆದಳು. ಫಾರಮಿನ ಹೆಸರು ಎರಡು ಸಲ ಇತ್ತು, ಬಾಲದ ಮೂರಕ್ಷರ ಮಾತ್ರ ಬೇರೆ. ಒಂದು ಚಿತ್ರದ್ದು, ಒಂದು ಬರಹದ್ದು. ಎರಡನ್ನೂ ಫ್ಲಾಪಿಗೆ ನಕಲು ಮಾಡಿಕೊಂಡು, ಡಿಸ್ಕಿನಿಂದ ಚಿತ್ರದ ಫೈಲನ್ನು ತೆಗೆದು, ಮತ್ತೆ ಅದೇ ಫಾರಂ ಕೇಳಿದಳು. ಈ ಸಲ ನೇರವಾಗಿ ಬರಹ ತೆರೆಯಿತು! ಚಿತ್ರವನ್ನು ವಾಪಸ್ ಇಟ್ಟು ಕೇಳಿದಳು; ಚಿತ್ರವೇ ಬಂತು. ಮೂರು ಸಲ ಹಾಗೆಯೇ ಮಾಡಿ ನೋಡಿ, ಎದ್ದು ಮ್ಯಾನೇಜರ ಕೋಣೆಗೆ ನಡೆದಳು.

"ನಾ ಅಳಿಸ್ಲಿಲ್ಲ ಸಾರ್! ಪಡ ಇದ್ರೆ ಅದು ಪಡನೇ ತೆಗೀತದೆ. ಸೇವ್ ಮಾಡಿದ್ರೆ ಪಡ ನೋಡ್ಕೊಂಡು ಎಲ್ಲಾ ಸಾಲೂ ಹೊಸದಾಗಿ ಬರೀತದೆ. ನನ್ನ ಮೂರು ಸಾಲು ಪಡದಲ್ಲಿ ಎಲ್ಲಿದೆ? ಪಡ ಇಲ್ದಿದ್ರೆ ಮಾತ್ರ ಬರಹ ತೆಗೀತದೆ."

"ಅಪ್ಪುರ, ಇನ್ಮೇಲೆ ಪಡ ಬೇಡ್ವಾ?"

"ಬೇಕು ಸಾರ್. ಫ್ಲಾಪೀಲಿ ಇಟ್ಟಿದೀನಿ. ಖಾನೆ ಸರಿಸ್ಬೇಕಾದ್ರೆ ತಂದು ಸರಿಸಿ, ಆಮೇಲೆ ನನ್ನ ಸಾಲು ಸೇರಿಸಿ, ಪಡನ ತಿರುಗಾ ತೆಗ್ದಿಡ್ತೀನಿ."

ವೆಂಕಟಾಚಲಂ ತಲೆ ಕೆರೆದುಕೊಂಡರು. "ಶರಿ, ಅದನ್ನ ಬರೆದು ಗೋಡೆಗೆ ಅಂಟ್ಸು. ಇಲ್ದಿದ್ರೆ ನಾಳೆ ನಾನೇ ಕೆಡಿಸ್ಬುಡ್ತೀನಿ."

ಅವಳು ತಮಿಳಿನಲ್ಲಿ ಬರೆದು ಅಂಟಿಸಿದಳು. ಮುಂದಿನ ತಿಂಗಳು ಬಂದ ತಿರುಮಲೈಸಾಮಿ ಅದನ್ನು ನಿಂತು ಓದಿ, ತನ್ನ ಡೈರಿಗೆ ಇಳಿಸಿಕೊಂಡ. ಅವನು ಫಾರಂ ಮಾಡಿಕೊಟ್ಟ ಬೇರೆ ಕಡೆಗಳಿಂದಲೂ ಇದೇ ದೂರು ಬರುತ್ತಿತ್ತಂತೆ. ಹೋಗುವ ಮುಂಚೆ, ಶನಿವಾರಗಳಲ್ಲಿ ಕೊಯಮತ್ತೂರಿನ ತನ್ನ ಕಂಪ್ಯೂಟರ್ ತರಬೇತಿ ಸೆಂಟರಿಗೆ ಬಂದು ಪಾಠ ಹೇಳುತ್ತೀರಾ ಎಂದು ಕೇಳಿದ.

ಮನೆಯಲ್ಲಿ ತಾಯಿ ಬೆಳ್ಳಿಯಮ್ಮನಿಗೆ ನಂಬಿಕೆ ಬರಲಿಲ್ಲ. "ಕಲಿಯಾಕಾ ಕರ್ದಿದ್ದು?"

"ಕಲ್ಸಾಕೆ ಅಮ್ಮಾ."

ಆ ಶನಿವಾರ ಬೆಳಿಗ್ಗೆ ಏಳೂವರೆ ಬಸ್ಸಿಗೆ ಅವಳು ಏಳಕ್ಕೇ ಹೋಗಿ ನಿಂತಳು.