ನಾನು ಓದದೆ ಬಿಟ್ಟ ಊರು

ಪಾಟಿ, ಬಿಳಿಯರು ನಿಮ್ಮ ತಾತನ ಊರನ್ನು ಬರೆದೇ ಇಲ್ಲ ಎಂದು ನಾನು ಹೇಳಿದ್ದು ಸುಳ್ಳು. ಬರೆದಿದ್ದರು. ಓದದೆ ಬಿಟ್ಟವಳು ನಾನು. ನೀವು ತೀರಿಹೋಗಿ ಎರಡು ವರ್ಷವಾದ ಮೇಲೆ ಇದನ್ನು ಹೇಳುತ್ತಿದ್ದೇನೆ — ಧೈರ್ಯ ಬಂತೆಂದಲ್ಲ, ಮುಚ್ಚಿಟ್ಟುಕೊಂಡು ಸಾಕಾಗಿಹೋಗಿದೆ.

ಕೊರೋನಾದ ಮೊದಲ ವರ್ಷ ಮಲೇಷ್ಯಾದಲ್ಲಿ, ಪೆಟಾಲಿಂಗ್ ಜಯಾದ ನಮ್ಮ ಫ್ಲ್ಯಾಟಿನಿಂದ ಯಾರೂ ಹೊರಗೆ ಕಾಲಿಡುವ ಹಾಗಿರಲಿಲ್ಲ. ಬ್ರಿಟಿಷರ ಕಾಲದ ರಬ್ಬರ್ ತೋಟಗಳ ಕೂಲಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು, ಅದೂ ಊಟದ ಮೇಜಿನ ಮೇಲೆ. ಪರದೆಯಲ್ಲಿ ಒಂದೊಂದೇ ಪುಟದ ಚಿತ್ರ — ಹೆಸರು, ತಂದೆ, ಊರು, ಮೈಮೇಲಿನ ಗುರುತು, ಬಂದ ಹಡಗು. ಅರ್ಧ ಭೂಮಿಯನ್ನು ಆಳಿದವರಿಗೆ ಕೂಲಿಯವನ ಕೆನ್ನೆಯ ಮಚ್ಚೆಯೂ ಬೇಕಾಗಿತ್ತು, ಓಡಿಹೋದರೆ ಹಿಡಿಯುವುದಕ್ಕೆ.

ಊರಿನ ಕಾಲಂ ನನ್ನ ಜೀವ ತಿನ್ನುತ್ತಿತ್ತು. ಮೊದಮೊದಲು ಕಣ್ಣು ಕಿರಿದು ಮಾಡಿ ಓದುತ್ತಿದ್ದೆ. ಆಮೇಲೆ — ಪಕ್ಕದಲ್ಲೇ ಮಗಳ ಆನ್‌ಲೈನ್ ಕ್ಲಾಸು, ಒಲೆಯ ಮೇಲೆ ಸಾರು, ಮುಗಿಯದ ಪುಟಗಳು — 'ಓದಲಾಗುತ್ತಿಲ್ಲ' ಎಂದು ಒತ್ತಿದರೆ ಯಾರೂ ಕೇಳುವುದಿಲ್ಲವೆಂದು ಗೊತ್ತಾಯಿತು. ಹೆಸರನ್ನು ಪರೀಕ್ಷಿಸುತ್ತಿದ್ದರು, ಊರನ್ನಲ್ಲ. ಕೆಲವು ಮಧ್ಯಾಹ್ನ ಪುಟದ ಕಡೆ ನೋಡದೆಯೇ ಮೇಲಿನಿಂದ ಕೆಳಗಿನವರೆಗೂ ಒತ್ತಿಬಿಟ್ಟಿದ್ದೇನೆ.

ನೀವು ಎದುರು ಮನೆಯ ತಮಿಳು ಅಜ್ಜಿ, ಇಡೀ ಮಹಡಿಗೆ ಪಾಟಿ. ನಮ್ಮ ಬಾಗಿಲ ಹಿಡಿಗೆ ವಡೆಯ ಪೊಟ್ಟಣ ನೇತುಹಾಕಿ, ದೂರ ಸರಿದು "ಸುಜಾತಾ, ತಪಾವ್ ಲಾ!" — ಪಾರ್ಸೆಲ್ ಬಂತು — ಎಂದು ಕೂಗುತ್ತಿದ್ದಿರಿ. ನನ್ನ ಕೆಲಸ ಏನೆಂದು ತಿಳಿದ ದಿನ, ಮಾಸ್ಕಿನ ಮೇಲೆ ನಿಮ್ಮ ಕಣ್ಣು ಅರಳಿದ್ದು ನೆನಪಿದೆ. ನಿಮ್ಮ ತಾತನೂ ಅಂಥ ತೋಟಕ್ಕೇ ಕೂಲಿಯಾಗಿ ಬಂದವರು. ಮರಿಮಗನ ಮುಡಿ ಕೊಡಿಸಬೇಕಿತ್ತು. ಯಾವ ದೇವರಿಗೆ? ಊರು ಗೊತ್ತಿಲ್ಲದೆ ಮನೆದೇವರನ್ನು ಎಲ್ಲಿ ಹುಡುಕುವುದು? ಮೂರು ತಲೆಮಾರು ತೋಟದ ಮಾರಿಯಮ್ಮನಿಗೇ ಕೊಟ್ಟು ಸುಮ್ಮನಾಗಿದ್ದಿರಿ. "ಊರ್ ಪೇರು ಮಟ್ಟುಂ ಪಾತ್ತು ಸೊಲ್ಲುಮಾ," ಎಂದಿರಿ. ಊರ ಹೆಸರೊಂದನ್ನು ನೋಡಿ ಹೇಳಮ್ಮ — ಅಷ್ಟೇ ನೀವು ಕೇಳಿದ್ದು.

ಹುಡುಕಿದೆ. ತಾತ ಸಿಕ್ಕರು. ಹೆಸರು, ತಂದೆ, ಎಡಗೆನ್ನೆಯ ಸುಟ್ಟ ಕಲೆ, ಎಲ್ಲ ನೀವು ಹೇಳಿದ ಹಾಗೆಯೇ. ಊರು: ಓದಲಾಗುತ್ತಿಲ್ಲ. ಪಕ್ಕದಲ್ಲಿ ಹಾಗೆಂದು ಒತ್ತಿದವರ ನಂಬರು. ನನ್ನದೇ.

ಆ ಪುಟವನ್ನು ಮತ್ತೆ ತೆರೆದುಕೊಡಿ ಎಂದು ಮ್ಯಾನೇಜರನ್ನು ಕೇಳಬಹುದಿತ್ತು. ಯಾಕೆ ಎಂದರೆ? ಕೆಲಸ ಹೋದರೆ ವೀಸಾನೂ ಹೋಗುತ್ತದೆ, ವಾಪಸ್ ಹೋಗಲು ವಿಮಾನವೂ ಇಲ್ಲ — ಹೆದರಿದೆ. "ಬಿಳಿಯರು ಊರನ್ನೇ ಬರೆದಿಲ್ಲ, ಪಾಟಿ," ಎಂದೆ. ಅವರ ತಲೆಗೆ ಕಟ್ಟುವುದು ಎಷ್ಟು ಸಲೀಸಾಗಿತ್ತು! ಅವರು ಮಾಡಿದ್ದು ಅಷ್ಟೊಂದಿತ್ತಲ್ಲ, ಇದೂ ಒಂದು ಸೇರಿದರೆ ಯಾರಿಗೆ ಗೊತ್ತಾಗಬೇಕು?

"ಅವನುಕ್ಕು ನಮ್ಮ ಊರು ಎದುಕ್ಕು?" ಎಂದಿರಿ. ಅವನಿಗೆ ನಮ್ಮ ಊರು ಯಾಕೆ ಬೇಕು ಎಂದು ನೀವೇ ನನ್ನ ಸುಳ್ಳಿಗೆ ಸಮಾಧಾನ ಹೇಳಿದಿರಿ. ಮರುದಿನವೂ ವಡೆ ಬಂತು. ತಿಂದೆ.

ಮುಂದಿನ ವರ್ಷ ನಿಮ್ಮನ್ನು ಆಂಬುಲೆನ್ಸಿಗೆ ಹತ್ತಿಸಿದಾಗ ಕಿಟಕಿಯಲ್ಲಿ ನಿಂತಿದ್ದೆ. ಆಗಲಾದರೂ ಕೂಗಿ ಹೇಳಬಹುದಿತ್ತು... ಇಲ್ಲ, ಹೇಳಲು ನನಗೆ ಊರೇ ಗೊತ್ತಿರಲಿಲ್ಲ.

ಈ ವಾರ ಮ್ಯಾನೇಜರಿಗೆ ಎಲ್ಲ ಹೇಳಿದೆ. ಆತ ಬೈಯಲೂ ಇಲ್ಲ, ಎರಡು ನಿಮಿಷದಲ್ಲಿ ಪುಟ ತೆರೆದುಕೊಟ್ಟ. ದುಂಡಗಿನ ಅಕ್ಷರ, ಕನ್ನಡಕವೂ ಬೇಕಿರಲಿಲ್ಲ. ಮರಿಮಗನ ಮುಡಿ ತೋಟದ ಮಾರಿಯಮ್ಮನಿಗೇ ಹೋಯಿತಂತೆ. ನಾಳೆ ನಿಮ್ಮ ಮಗಳ ಮನೆಗೆ ಹೋಗಿ ಊರನ್ನೂ ಹೇಳುತ್ತೇನೆ, ಸುಳ್ಳನ್ನೂ ಹೇಳುತ್ತೇನೆ. ಮುಖದ ಮೇಲೆ ಬಾಗಿಲು ಹಾಕಿದರೆ ಹಾಕಲಿ.

ಆದರೆ ಮೊದಲು ಕೇಳಬೇಕಾದವರು ನೀವು. ಪುಲಿಯೂರು, ಪಾಟಿ. ನಿಮ್ಮ ಊರು ಪುಲಿಯೂರು.