ಬಸುರಿ ಶಾರ್ಕಿನ ತವರುಮನೆ

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದಲ್ಲಿ ಪ್ರಾಣಿಶಾಸ್ತ್ರವನ್ನು ಓದಿದವರು ಅನೇಕರಿದ್ದಾರೆ, ಕಲಿಸಿದವರೂ ಇದ್ದಾರೆ. ಆದರೆ ಸಂತೆಗೆ ಬಂದವರು ಚೀಲ ಕೆಳಗಿಟ್ಟು ನಿಂತು ನೋಡುವಂತೆ ಆ ಶಾಸ್ತ್ರವನ್ನು ತೋರಿಸಿದವರು ಶ್ರೀಮತಿ ಕರುಣಾ ಅವರೊಬ್ಬರೇ. ಚಂದಾಪುರದ ನಮ್ಮ ಪುಟ್ಟ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದ ಮೇಲ್ವಿಚಾರಕಿಯಾಗಿ ದೀರ್ಘಕಾಲ ದುಡಿದು ಈಗ ನಿವೃತ್ತರಾಗುತ್ತಿರುವ ಅವರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ, ಅದೇ ಕಟ್ಟಡದ ಗ್ರಂಥಾಲಯದಲ್ಲಿ ಪುಸ್ತಕ ಕೊಡುತ್ತಿದ್ದ ನನಗೆ ಒದಗಿದೆ.

ಐನಾಪುರದ ರೈತ ಭೀಮಶ್ಯಾ ಅವರ ಮಗಳಾದ ಕರುಣಾ ಕೆಲಸಕ್ಕೆ ಸೇರಿದಾಗ ಅಲ್ಲಿದ್ದದ್ದು ಗಾಜಿನ ಭರಣಿಗಳಲ್ಲಿ ಬಣ್ಣಗೆಟ್ಟ ಹಾವುಗಳು, ಒಂದು ಕಿವಿ ಉದುರಿದ ಮೊಲ, ಮತ್ತು ನಿದ್ದೆಗೆ ಅನುಕೂಲವಾದ ತಂಪು. ಬಿಸಿಲಿಗೆ ಬಳಲಿದವರು ಆ ತಂಪಿಗೆಂದೇ ಒಳಗೆ ಬಂದರೆ ಕರುಣಾ ಗದರಿಸಲಿಲ್ಲ, ಬೆಂಚು ಹಾಕಿಸಿದರು. ಓದಲು ಬಾರದವರು ಫಲಕದ ಮುಂದೆ ಸುಮ್ಮನೆ ನಿಂತರೆ ಪಕ್ಕಕ್ಕೆ ಬಂದು, "ನನ್ನ ಚಸ್ಮಾ ಸರಿ ಅದನೋ ಇಲ್ಲೋ ನೋಡ್ತೀನ್ರಿ" ಎಂದು ಇಡೀ ಫಲಕವನ್ನು ಗಟ್ಟಿಯಾಗಿ ಓದುತ್ತಿದ್ದರು. ಚಸ್ಮಾಕ್ಕೆ ಏನೂ ಆಗಿರಲಿಲ್ಲ.

ಸಮುದ್ರವನ್ನೇ ಕಾಣದ ನಮ್ಮ ಮಕ್ಕಳಿಗೆ ಸಮುದ್ರದ ಪ್ರಾಣಿಯೊಂದನ್ನು ನಿಜವಾದ ಅಳತೆಯಲ್ಲಿ ತೋರಿಸಬೇಕೆಂಬ ಹಂಬಲ ಅವರನ್ನು ಹಿಡಿದದ್ದು ಆಮೇಲೆ. ಬಿದಿರು ಕಟ್ಟಿ, ಮುಲ್ಲಾಮಾರಿ ಹೊಳೆದಂಡೆಯ ಮೀನುಗಾರ್ತಿ ಹಣಮಮ್ಮ ಕೊಟ್ಟ ಹಳೆಯ ಮೀನುಬಲೆಗಳನ್ನು ಅದಕ್ಕೆ ಸುತ್ತಿ, ನೆನೆಸಿ ರುಬ್ಬಿದ ಕಾಗದ ಮೆತ್ತಿ ಬಣ್ಣ ಹಚ್ಚಿದಾಗ ಜೀಪಿನಷ್ಟು ಉದ್ದದ ಹುಲಿ ಶಾರ್ಕ್ ಸಿದ್ಧವಾಯಿತು. ಈ ಜಾತಿ ಮೊಟ್ಟೆಯಿಡದೆ ಮರಿ ಹಾಕುತ್ತದೆಂದು ತೋರಿಸಲು, ಹೊಟ್ಟೆಯ ಬದಿಗೆ ಸಣ್ಣ ಬಾಗಿಲಿಟ್ಟು ಒಳಗೆ ಮರಿಗಳನ್ನು ಕೂಡಿಸಿದರು. ಫಲಕದಲ್ಲಿ ಶಾಸ್ತ್ರಕ್ಕೆ ನಿಷ್ಠರಾಗಿ "ಇದು ಗರ್ಭಿಣಿ" ಎಂದು ಬರೆಸಿದರು. ಆ ಮಾತು ಸುಲೇಪೇಟದವರೆಗೆ ಹೋಯಿತು. ಸಂತೆಗೆ ಬಂದ ಹೆಂಗಸರು ಬಸುರಿಯನ್ನು ಮಾತಾಡಿಸದೆ ಬಸ್ಸು ಹತ್ತದಂತಾದರು.

ಜನ ಇಷ್ಟು ಬರುತ್ತಾರೆಂಬ ಸುದ್ದಿಯೇ ಮುಳುವಾಯಿತು. ಇಂಥ ವಸ್ತು ದೊಡ್ಡ ಊರಿನಲ್ಲಿರಬೇಕೆಂದು ಮೇಲಿನವರಿಗೆ ಅನಿಸಿ, ಅದನ್ನು ಕಲಬುರಗಿಗೆ ಸಾಗಿಸುವ ಆದೇಶ ಬಂತು. ಶಾರ್ಕ್ ಹೋದರೆ ನಮ್ಮ ಸಂಗ್ರಹಾಲಯಕ್ಕೆ ಬೀಗ ಬೀಳುವುದು ಖಂಡಿತವಾಗಿತ್ತು. ಕರುಣಾ ಅವರ ಮನವಿಗಳಿಗೆ ಉತ್ತರ ಬರಲಿಲ್ಲ, ಲಾರಿ ಬಂತು. ಜೊತೆಗೆ ತೌಸೀಫ್ ಎಂಬ ಸಂಭಾವಿತ ತರುಣ ಅಧಿಕಾರಿ ಬಂದರು.

ಅಷ್ಟರಲ್ಲಿ ಹಣಮಮ್ಮ, ಅವಳ ನೆರೆಮನೆಯ ಅನಸುಬಾಯಿ, ಇನ್ನೂ ಹಲವು ಹೆಂಗಸರು ಹಸಿರು ಬಳೆ, ಖಣ, ಉತ್ತತ್ತಿ, ಕೊಬ್ಬರಿ ಬಟ್ಟಲು ಹಿಡಿದು ಒಳಗೆ ಕೂತಿದ್ದರು. ಸೀಮಂತಕ್ಕೆ ನಮ್ಮ ಕಡೆ ಕುಬಸ ಎನ್ನುತ್ತೇವೆ. ಬಸುರಿಯನ್ನು ಕುಬಸ ಮಾಡದೆ ಊರು ದಾಟಿಸಬಾರದೆಂದು ಅವರು ನಿಶ್ಚಯಿಸಿದ್ದರು. ಇದು ಬರೀ ಕಾಗದದ್ದು ಎಂದು ಕರುಣಾ ಹೇಳಬಹುದಿತ್ತು. ಹೇಳಲಿಲ್ಲ. ಬಳೆ ತೊಡಿಸಲು ಕೈ ಯಾವುದೆಂದು ಹುಡುಕುತ್ತಿದ್ದವರಿಗೆ ಈಜುರೆಕ್ಕೆ ತೋರಿಸಿ, ಬಳೆ ಕಟ್ಟಲು ದಾರ ತಂದುಕೊಟ್ಟರು.

"ಮೇಡಂ, ಲಾರಿ ಕಾಯ್ಲಿಕತ್ತದ" ಎಂದರು ತೌಸೀಫ್ ಮೆಲ್ಲಗೆ.

"ಕಾಯಲಿ ಬಿಡ್ರಿ. ಅದೇನ್ ಬಸುರಿ ಅದನ?" ಎಂದಳು ಅನಸುಬಾಯಿ.

ಹಣಮಮ್ಮ ತೌಸೀಫರ ಕಡೆ ತಿರುಗಿದಳು. "ಸಾಹೇಬ್ರ, ಈಕಿನ್ನ ಎಲ್ಲಿಗಿ ಒಯ್ಯಾಕತ್ತೀರಿ?"

"ಕಲಬುರಗಿಗಿ, ಅಮ್ಮಾ."

"ಕಲಬುರಗಿ ಈಕಿಗಿ ಏನಾಗಬೇಕು? ತವರೇನು?"

ತೌಸೀಫ್ ದಿಕ್ಕು ತೋಚದೆ ಕರುಣಾ ಅವರ ಮುಖ ನೋಡಿದರು. ಕರುಣಾ ತಮ್ಮ ಹುದ್ದೆಗೆ ತಕ್ಕ ಗಾಂಭೀರ್ಯದಿಂದ, "ಹುಟ್ಟಿದ್ದು ಇಲ್ಲೇರಿ. ಹಣಮಮ್ಮನ ಮೀನಿನ ಬಲಿಯಾಗ" ಎಂದು ಇದ್ದದ್ದನ್ನಷ್ಟೇ ಹೇಳಿದರು.

"ಕೇಳಿದ್ರಿಲ್ಲ? ತವರು ಇಲ್ಲೇ ಅದ," ಎಂದಳು ಹಣಮಮ್ಮ. "ದಿನ ತುಂಬಿದಾಕಿನ್ನ ತವರಿಂದ ಎಬ್ಬಿಸಿಕೊಂಡು ಹೋಗೋದು ಯಾವ ರಿವಾಜ್ರಿ? ನಿಮ್ಮ ಮನಿಯವರು ಎಲ್ಲ್ಯಾರ?"

ತೌಸೀಫ್ ನೆಲ ನೋಡಿದರು. "ಶಹಾಬಾದಕ್ಕ ಹೋಗ್ಯಾರ್ರಿ. ಅವರ ತಾಯಿ ಮನಿಗಿ. ಹೆರಿಗಿಗಿ."

"ಮತ್ತ? ಅಲ್ಲಿಗಿ ನಾ ಒಂದು ಲಾರಿ ಕಳಿಸ್ಲೇನು?"

ಎಲ್ಲರೂ ನಕ್ಕರು, ಕರುಣಾ ಮಾತ್ರ ನಗಲಿಲ್ಲ. ಕುರ್ಚಿ ಎಳೆದು ತೌಸೀಫರನ್ನು ಕೂಡಿಸಿ, ನೀರು ಕೊಟ್ಟು, "ಮನಿಯವರು ಆರಾಮ ಅದಾರಿಲ್ರಿ?" ಎಂದು ಕೇಳಿದರು. ತಮ್ಮ ಇಷ್ಟು ವರ್ಷದ ಕೆಲಸ ಕೈಬಿಟ್ಟು ಹೋಗುವ ಆ ಗಳಿಗೆಯಲ್ಲೂ ಎದುರಿನವರ ಸಂಕೋಚ ಅವರ ಕಣ್ಣಿಗೆ ಬಿದ್ದಿತ್ತು.

ತೌಸೀಫ್ ನೀರು ಕುಡಿದು, ಶಾರ್ಕಿನ ಹೊಟ್ಟೆಯ ಬಾಗಿಲು ತೆಗೆದು ಮರಿಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಲಬುರಗಿಗೆ ಫೋನ್ ಮಾಡಿ, "ಸರ್, ಸಾಮಾನು ಸದ್ಯ ಪ್ರಯಾಣ ಮಾಡೋ ಸ್ಥಿತ್ಯಾಗ ಇಲ್ಲ" ಎಂದರು. ಮತ್ತೆ ಯಾವಾಗ ಎಂದು ಅತ್ತಲಿಂದ ಕೇಳಿರಬೇಕು. ಹೆಂಗಸರ ಕಡೆ ಒಮ್ಮೆ ನೋಡಿ, "ತಿಳಿಸ್ತೀವಿ ಸರ್" ಎಂದು ಫೋನ್ ಇಟ್ಟರು. ಲಾರಿ ಬರಿದೇ ಮರಳಿತು. ಕಲಬುರಗಿಯವರು ಈಗಲೂ ಒಮ್ಮೊಮ್ಮೆ ವಿಚಾರಿಸುತ್ತಾರೆ. ಪರಿಸ್ಥಿತಿಯಲ್ಲಿ ಬದಲಾವಣೆಯಿಲ್ಲವೆಂದು ಕರುಣಾ ಸತ್ಯವನ್ನೇ ತಿಳಿಸುತ್ತಾರೆ.

ನಿವೃತ್ತಿಯ ಬಳಿಕ ಅವರಿಗೆ ತಿಮಿಂಗಿಲವೊಂದನ್ನು ಕಟ್ಟುವ ಆಸೆಯಿದೆ. ಅದಕ್ಕೆ ಬೇಕಾದ ಜಾಗ, ಬಿದಿರು, ಕೈಯ ಕಸುವು ಎಲ್ಲವೂ ಅವರಿಗೆ ಒದಗಲಿ. ಆರೋಗ್ಯ ತುಂಬಿದ ದೀರ್ಘ ಆಯುಷ್ಯ ಅವರದಾಗಲಿ ಎಂದು ಮನಸಾರೆ ಹಾರೈಸುತ್ತೇನೆ. ಬಲೆ ಕೊಡಲು ಹಣಮಮ್ಮ ಈಗಾಗಲೇ ಒಪ್ಪಿದ್ದಾಳೆ. ಅವಳದು ಒಂದೇ ಸಲಹೆ: "ಅದೂ ಬಸುರಿನೇ ಇರಲ್ರಿ, ಮೇಡಂ. ಯಾರೂ ಒಯ್ಯಂಗಿಲ್ಲ."